ಸೋಲೋ ಸಂಸಾರಿ

ದ್ವಿತೀಯ ಪಿಯು ಪರೀಕ್ಷೆ ಮುಗಿದು, ಸಿಇಟಿ ಮತ್ತು ನೀಟ್ ಎಂಬ ಎರಡು ಘಾಟಿಗಳನ್ನು ಇಳಿದು, ಸೀಟು ಹಂಚಿಕೆಯ ಸುತ್ತುಗಳು ಇನ್ನೂ ಆರಂಭವಾಗದ ಆ ಖಾಲಿ ವಾರಗಳಲ್ಲಿ ನಮ್ಮ ನಗರಗಳ ಮಧ್ಯಮವರ್ಗದ ಮನೆಗಳಲ್ಲಿ ಒಂದು ನಮೂನೆಯ ಹುಡುಗ ಉದ್ಭವಿಸುತ್ತಾನೆ. ವಯಸ್ಸು ಹದಿನೇಳೋ ಹದಿನೆಂಟೋ. ಮೀಸೆ ಇನ್ನೂ ಪೀಠಿಕೆಯ ಹಂತದಲ್ಲಿರುತ್ತದೆ. ರಾತ್ರಿ ಊಟಕ್ಕೆ ಕೂತಾಗ ಸಾರನ್ನಕ್ಕೂ ಮೊಸರನ್ನಕ್ಕೂ ನಡುವೆ ಅವನು ಘೋಷಿಸುತ್ತಾನೆ: "ಜೂನ್‌ನಲ್ಲಿ ನಾನು ಹಿಮಾಲಯಕ್ಕೆ ಸೋಲೋ ಟ್ರೆಕ್ ಹೋಗ್ತೀನಿ." ತಾಯಿಗೆ ಮಗ ಕೈತಪ್ಪಿದ ಹಾಗೆ, ತಂದೆಗೆ ಎಟಿಎಂ ಕಾರ್ಡು ಕೈತಪ್ಪಿದ ಹಾಗೆ ಅನಿಸುತ್ತದೆ. ಅಜ್ಜಿ "ಬದರಿಗೇನಪ್ಪಾ?" ಎಂದು ಕೇಳಿ, ಅಲ್ಲವೆಂದು ತಿಳಿದ ಮೇಲೆ ಆಸಕ್ತಿ ಕಳೆದುಕೊಳ್ಳುತ್ತಾರೆ. ಸುದ್ದಿ ತಿಳಿದ ಚಿಕ್ಕಪ್ಪ ಫೋನು ಮಾಡಿ, "ಈ ವಯಸ್ಸಲ್ಲಿ ವೈರಾಗ್ಯ ಒಳ್ಳೇದಲ್ಲ ಅತ್ತಿಗೆ" ಎನ್ನುತ್ತಾನೆ. ಇವರೆಲ್ಲರ ತಿಳಿವಳಿಕೆ ಒಂದೇ: ಹುಡುಗ ಮನೆ ಬಿಟ್ಟು ಹೊರಟಿದ್ದಾನೆ. ನನ್ನ ವಾದ ಇದಕ್ಕೆ ತದ್ವಿರುದ್ಧ. ಒಂಟಿ ಚಾರಣಕ್ಕೆ ಯೋಜನೆ ಹಾಕುತ್ತಿರುವ ಹುಡುಗ ಮನೆ ಬಿಡುತ್ತಿಲ್ಲ. ಹುಟ್ಟಿದಾರಭ್ಯ ಮೊದಲ ಸಲ ಮನೆ ಹೂಡುತ್ತಿದ್ದಾನೆ. ಅವನೊಳಗೆ ಸಾಹಸಿಯನ್ನು ಹುಡುಕಹೊರಟವರಿಗೆ ಸಿಗುವುದು ಒಬ್ಬ ಅಪ್ಪಟ ಸಂಸಾರಿ, ಅದರಲ್ಲೂ ಜಿಪುಣ ಸಂಸಾರಿ. (ಹುಡುಗಿಯರಲ್ಲೂ ಈ ನಮೂನೆ ಉಂಟು. ಆದರೆ ಅವಳ ಯೋಜನೆಯ ಮುಕ್ಕಾಲು ಪಾಲು ಮನೆಯ ಹೊಸಿಲು ದಾಟುವುದಕ್ಕೇ ಖರ್ಚಾಗುವುದರಿಂದ ಅದು ಬೇರೆಯೇ ಪ್ರಬಂಧ.)

ಸಾಕ್ಷ್ಯವಾಗಿ ಅವನ ಲ್ಯಾಪ್‌ಟಾಪಿನಲ್ಲಿರುವ ಎಕ್ಸೆಲ್ ಶೀಟನ್ನು ನೋಡಬೇಕು. ಸಾಹಸಿಯ ಬಳಿ ನಕ್ಷೆಯಿರಬೇಕು. ಇವನ ಬಳಿ ಇರುವುದು ದಿನಸಿ ಚೀಟಿ. ಒಂದು ಕಾಲಮಿನಲ್ಲಿ ಸಾಮಾನು, ಪಕ್ಕದಲ್ಲಿ ತೂಕ, ಅದರ ಪಕ್ಕ ಬೆಲೆ, ಕೊನೆಯಲ್ಲಿ "ಬೇಕೇ ಬೇಕಾ?" ಎಂಬ ಪ್ರಶ್ನೆ. ಬೆನ್ನಚೀಲದ ಭಾರ ಮೈತೂಕದ ಐದರಲ್ಲೊಂದು ಪಾಲು ಮೀರಬಾರದೆಂಬುದು ಚಾರಣಿಗರಲ್ಲಿ ರೂಢಿಯಲ್ಲಿರುವ ಲೆಕ್ಕ. 55 ಕೆ.ಜಿ.ಯ ಹುಡುಗನಿಗೆ ಸಿಗುವುದು 11 ಕೆ.ಜಿ. ಎರಡು ಲೀಟರ್ ನೀರು ತುಂಬಿಸಿಕೊಂಡರೆ 2 ಕೆ.ಜಿ. ಅಲ್ಲೇ ಹೋಯಿತು. ಉಳಿದ 9ರಲ್ಲಿ ಟೆಂಟು, ಸ್ಲೀಪಿಂಗ್ ಬ್ಯಾಗು, ಒಲೆ, ಪಾತ್ರೆ, ಬಟ್ಟೆಬರೆ, ಔಷಧಿ, ಊಟ. ಹೀಗಾಗಿ ಅಡುಗೆಮನೆಯ ಡಿಜಿಟಲ್ ತಕ್ಕಡಿ ಅವನ ಕೋಣೆಗೆ ವಲಸೆ ಹೋಗುತ್ತದೆ. ಅಲ್ಲಿ ಕಾಲುಚೀಲ ತೂಗುತ್ತದೆ, ಅರ್ಧ ಸೋಪು ತೂಗುತ್ತದೆ, ಹಿಡಿ ಕತ್ತರಿಸಿದ ಟೂತ್‌ಬ್ರಶ್ಶೂ ತೂಗುತ್ತದೆ. ಇದೇ ಮಹಾಶಯ ಹೋದ ತಿಂಗಳವರೆಗೆ ಗೀಸರ್ ಆರಿಸದೆ ಸ್ನಾನದಿಂದ ಬರುತ್ತಿದ್ದ. ಖಾಲಿ ಕೋಣೆಗೆ ಫ್ಯಾನು ಹಾಕಿಟ್ಟು ಹೋಗುತ್ತಿದ್ದ. ಈಗ ಪವರ್‌ಬ್ಯಾಂಕಿನ ಒಂದು ಚಾರ್ಜು ಎಷ್ಟು ದಿನಕ್ಕೆ ಬರಬೇಕು, ಟಾರ್ಚು ರಾತ್ರಿ ಎಷ್ಟು ನಿಮಿಷ ಉರಿಯಬೇಕು ಎಂದು ಮುಂಗಡಪತ್ರ ಮಂಡಿಸುತ್ತಿದ್ದಾನೆ. ವಿರಾಗಿಯೊಬ್ಬ ಸೋಪು ಎಷ್ಟು ದಿನ ಬಾಳುತ್ತದೆಂದು ಚಿಂತಿಸಿದ ಉದಾಹರಣೆ ನಮ್ಮ ಯಾವ ಪುರಾಣದಲ್ಲೂ ಇದ್ದಂತಿಲ್ಲ.

ಇನ್ನು ಊಟದ ವಿಷಯ. "ಅಮ್ಮಾ, ಒಬ್ಬರಿಗೆ ಒಂದು ಹೊತ್ತಿಗೆ ಎಷ್ಟು ಅಕ್ಕಿ ಹಾಕ್ತೀಯಾ?" ಎಂಬ ಪ್ರಶ್ನೆ ಆ ಮನೆಯ ಗಂಡಸೊಬ್ಬನ ಬಾಯಿಂದ ಬಂದದ್ದು ಬಹುಶಃ ಇದೇ ಮೊದಲು. ತಾಯಿ ಉತ್ತರಿಸಲಾರಳು, ಅವಳ ಅಳತೆ ಕೈಯಲ್ಲಿದೆ, ಗ್ರಾಮಿನಲ್ಲಿಲ್ಲ. ಆಮೇಲೆ ಹುಡುಗನಿಗೆ ತಾನು ಸಿಇಟಿಗೆಂದು ಉರುಹೊಡೆದ ಭೌತಶಾಸ್ತ್ರ ನೆನಪಾಗುತ್ತದೆ: ಎತ್ತರ ಏರಿದಂತೆ ಗಾಳಿಯ ಒತ್ತಡ ಇಳಿಯುತ್ತದೆ, ಸುಮಾರು 300 ಮೀಟರಿಗೊಂದು ಡಿಗ್ರಿಯಂತೆ ನೀರಿನ ಕುದಿಬಿಂದುವೂ ಇಳಿಯುತ್ತದೆ. 4,000 ಮೀಟರ್ ದಾಟಿದರೆ ನೀರು 86-87 ಡಿಗ್ರಿಗೇ ಕೊತಕೊತ ಕುದಿಯುತ್ತದೆ, ಆದರೆ ಅಲ್ಲಿ ಯಾರ ಬೇಳೆಯೂ ಬೇಯುವುದಿಲ್ಲ. ಗ್ಯಾಸ್ ಡಬ್ಬಿಯನ್ನು ರೈಲಿನಲ್ಲೂ ಒಯ್ಯುವಂತಿಲ್ಲ, ವಿಮಾನದಲ್ಲೂ ಒಯ್ಯುವಂತಿಲ್ಲ. ಚಾರಣಕ್ಕೆ ಮುಂಚೆ ತಂಗುವ ಮನಾಲಿಯಲ್ಲೇ ಕೊಳ್ಳಬೇಕು, ಕೊಂಡದ್ದನ್ನು ಜೋಪಾನವಾಗಿ ಉರಿಸಬೇಕು. ಹೀಗಾಗಿ ಬೇಯಿಸುವ ಗೊಡವೆಯಿಲ್ಲದೆ ಬಿಸಿನೀರಿಗೆ ಕಲಸಿ ತಿನ್ನುವ ಆಹಾರಕ್ಕಾಗಿ ಅವನು ರಾತ್ರಿಯೆಲ್ಲ ಅಮೆರಿಕದ ವಿಡಿಯೋಗಳನ್ನು ನೋಡಿ, ಬೆಳಗ್ಗೆ ಹೊಸದೊಂದು ಶೋಧದೊಂದಿಗೆ ಹೊರಬರುತ್ತಾನೆ. ಅಜ್ಜಿ ಅದನ್ನು ಕೇಳಿಸಿಕೊಂಡು, "ಹುರಿಹಿಟ್ಟು ಅನ್ನು" ಎಂದಷ್ಟೇ ಹೇಳುತ್ತಾರೆ. ಅವಲಕ್ಕಿ, ಚಟ್ನಿಪುಡಿ, ಶೇಂಗಾ ಉಂಡೆ ಒಂದೊಂದಾಗಿ ಪಟ್ಟಿಗೆ ಮರಳುತ್ತವೆ, ಈ ಬಾರಿ ಕ್ಯಾಲೊರಿಯ ಯೋಗ್ಯತಾಪತ್ರದೊಡನೆ. 100 ಗ್ರಾಂ ಶೇಂಗಾದಲ್ಲಿ 550 ಕ್ಯಾಲೊರಿಗೂ ಹೆಚ್ಚು ಎಂದು ತಿಳಿದ ದಿನ ಅವನು ಅಜ್ಜಿಯ ಡಬ್ಬಿಯ ಮುಂದೆ ಕೈಕಟ್ಟಿ ನಿಲ್ಲುತ್ತಾನೆ.

ದಾರಿಯ ಆಯ್ಕೆಯಲ್ಲಿ ಅವನ ಸಂಸಾರಿತನ ಇನ್ನೂ ಸ್ಪಷ್ಟ. ಮೊದಲ ದಿನದ ಯೋಜನೆ ಪಿನ್ ಪಾರ್ವತಿ. ಎತ್ತರ 5,319 ಮೀಟರ್, ಹಿಮನದಿ, ಕೊರಕಲು, ಎಲ್ಲವೂ ಇವೆ. ಮೂರನೆಯ ದಿನಕ್ಕೆ ಅದು ಹಂಪ್ಟಾ ಪಾಸಿಗೆ ಇಳಿಯುತ್ತದೆ: ಕುಲು ಕಣಿವೆಯ ಜೋಬ್ರಾದಿಂದ ಹೊರಟು ಸುಮಾರು 4,270 ಮೀಟರಿನಲ್ಲಿ ಬೆಟ್ಟಸಾಲು ದಾಟಿ ಲಾಹೌಲಿನ ಛತ್ರುವಿಗೆ ಇಳಿಯುವ ದಾರಿ. ನಡುವೆ ಒಂದು ದಿನ ಕುಮಾರಪರ್ವತದ ಆಸೆಯೂ ಹುಟ್ಟಿ ಸಾಯುತ್ತದೆ. 1,712 ಮೀಟರಿನ ಆ ಶಿಖರ ಹತ್ತಿರವೇ ಇದೆ, ಆದರೆ ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯದಿಂದ ಅರಣ್ಯ ಇಲಾಖೆ ದಾರಿ ಮುಚ್ಚುತ್ತದೆ. ತೆರೆದಾಗಲೂ ಆನ್‌ಲೈನ್ ಟಿಕೆಟ್ಟಿಗೆ ಸರದಿ. 2024ರ ಜನವರಿಯಲ್ಲಿ ಅಲ್ಲಿ ಜಾತ್ರೆಯಷ್ಟು ಜನ ಸೇರಿದ ಮೇಲೆ ನಿಯಮ ಬಿಗಿಯಾದದ್ದನ್ನು ಅವನು ಬಲ್ಲ. ಒಂಟಿತನ ಬೇಕೆಂದರೂ ಬುಕಿಂಗ್ ಮಾಡಿಸಬೇಕಾದ ಕಾಲವಿದು. ಹಂಪ್ಟಾ ಗಟ್ಟಿಯಾದ ಮೇಲೆ ಶೀಟಿನಲ್ಲಿ ಹೊಸ ಸಾಲುಗಳು ಬರುತ್ತವೆ. 3,000 ಮೀಟರಿನ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು. ಮನಾಲಿಯಲ್ಲಿ ಎರಡು ರಾತ್ರಿ ಸುಮ್ಮನೆ ಇರಬೇಕು. ಮಳೆ ಬಂದರೆಂದು ಒಂದು ದಿನ ಮೀಸಲು. ದುಡ್ಡು ಎರಡು ಕಡೆ ಹೊಲಿದಿಡಬೇಕು. ಸೂಜಿ, ದಾರ, ಪಿನ್ನು. ವಿದೇಶಿಯರ ಪಟ್ಟಿಯಲ್ಲಿದ್ದ ಉಪಗ್ರಹ ಫೋನನ್ನು ಅವನೇ ಹೊಡೆದುಹಾಕುತ್ತಾನೆ, ಏಕೆಂದರೆ ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಅದನ್ನು ಇಟ್ಟುಕೊಳ್ಳುವುದು ನಮ್ಮಲ್ಲಿ ಅಪರಾಧ. ಕಾನೂನು ಓದಿ, ಕೆಟ್ಟ ದಿನಕ್ಕೆಂದು ಒಂದಿಷ್ಟು ತೆಗೆದಿಟ್ಟು, ಸೂಜಿದಾರ ಕಟ್ಟಿಕೊಂಡು ಹೊರಟವನನ್ನು ಪುಂಡನೆಂದು ಯಾವ ಬಾಯಿಂದ ಕರೆಯುವುದು?

ಇದೆಲ್ಲ ಬರೀ ಖರೀದಿಯ ಚಟ, ರೀಲ್ಸ್ ನೋಡಿ ಹತ್ತಿದ ಹುಚ್ಚು ಎನ್ನುವವರಿದ್ದಾರೆ. ಆರೋಪದಲ್ಲಿ ಹುರುಳಿಲ್ಲದೆ ಇಲ್ಲ. ಡೆಕಾಥ್ಲಾನ್ ಮಳಿಗೆಯಲ್ಲಿ ಈ ಹುಡುಗನನ್ನು ನೋಡಿದವರು ಒಪ್ಪಲೇಬೇಕು: ಟೆಂಟಿನೊಳಗೆ ಹೊಕ್ಕು ಮಲಗಿ ನೋಡುತ್ತಾನೆ, ಖಾಲಿ ಚೀಲ ಬೆನ್ನಿಗೇರಿಸಿ ಕನ್ನಡಿಯ ಮುಂದೆ ದಿಗಂತ ದಿಟ್ಟಿಸುತ್ತಾನೆ. ಆದರೆ ಅವನ ಮುಂದಿನ ನಡೆಯನ್ನೂ ಗಮನಿಸಿ. ಬೆಲೆಚೀಟಿ ನೋಡಿ, ಫೋಟೊ ತೆಗೆದು, ಕೆಳಗಿಟ್ಟು, ಮನಾಲಿಯಲ್ಲಿ ಇದೇ ಸಾಮಾನು ದಿನಕ್ಕಿಷ್ಟೆಂದು ಬಾಡಿಗೆಗೆ ಸಿಗುತ್ತದೆಯೇ ಎಂದು ಹುಡುಕುತ್ತಾನೆ, ಸಿಗುತ್ತದೆ. ರೇನ್‌ಕೋಟು ಅಪ್ಪನ ಸ್ಕೂಟರಿನ ಡಿಕ್ಕಿಯಿಂದ ಬರುತ್ತದೆ, ಉಣ್ಣೆ ಟೋಪಿ ಮಾವನ ಹಳೆಯ ಕಾಶ್ಮೀರ ಪ್ರವಾಸದ ಅವಶೇಷದಿಂದ. ರೀಲ್ಸ್ ತೋರಿಸುವುದು ತುದಿಯಲ್ಲಿ ಕೈಚಾಚಿ ನಿಲ್ಲುವ ಹದಿನೈದು ಸೆಕೆಂಡು ಮಾತ್ರ. ಒದ್ದೆ ಕಾಲುಚೀಲವನ್ನು ರಾತ್ರಿ ಎಲ್ಲಿ ಒಣಗಿಸುವುದೆಂದು ಅದು ಹೇಳುವುದಿಲ್ಲ. ಇವನು ಆ ಕಾಲುಚೀಲದ ಬಗ್ಗೆಯೇ ಮೂರು ದಿನ ಸಂಶೋಧನೆ ಮಾಡಿದ್ದಾನೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಅಜ್ಜಿಯದು: ನಮ್ಮವರು ನಡೆದಿಲ್ಲವೇ, ಇಷ್ಟೆಲ್ಲ ಲೆಕ್ಕ ಇಟ್ಟಿದ್ದರೇ? ನಿಜ. ಯುಗಾದಿಯ ಹೊತ್ತಿಗೆ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಯಿಂದ ಭಕ್ತರು ಉರಿಬಿಸಿಲಿನಲ್ಲಿ ನೂರಾರು ಕಿಲೋಮೀಟರ್ ನಡೆದು, ನಲ್ಲಮಲ ಕಾಡು ಹಾದು ಶ್ರೀಶೈಲ ಮುಟ್ಟುತ್ತಾರೆ. ಕೆಲವರು ಮರಗಾಲು ಕಟ್ಟಿಕೊಂಡು ನಡೆಯುತ್ತಾರೆ. ಶಿವರಾತ್ರಿಗೆ ಬೆಂಗಳೂರಿನಿಂದ ಚಾರ್ಮಾಡಿ ಘಾಟಿಯ ಮೂಲಕ ಧರ್ಮಸ್ಥಳಕ್ಕೆ ನಡೆಯುವವರೂ ಕಡಿಮೆಯಿಲ್ಲ. ಇವರ ಹೆಗಲಲ್ಲಿರುವುದು ಒಂದು ಕೈಚೀಲ, ಒಂದು ಹೊದಿಕೆ. ಆದರೆ ಅದು ಸಾಧ್ಯವಾಗುವುದು ದಾರಿಯೇ ಮನೆಯಾಗಿರುವುದರಿಂದ. ಊರೂರಿನಲ್ಲಿ ದಾಸೋಹ, ಮರದಡಿ ಮಜ್ಜಿಗೆ, ಬೊಬ್ಬೆಯೆದ್ದ ಪಾದಕ್ಕೆ ಎಣ್ಣೆ ಹಚ್ಚಲು ಕಾದು ಕೂತ ಅಪರಿಚಿತರು. ಪಾದಯಾತ್ರಿಯ ಸಂಸಾರವನ್ನು ದಾರಿಯ ಊರುಗಳು ಹೊರುತ್ತವೆ. ನಮ್ಮ ಹುಡುಗ "ಸೋಲೋ" ಎಂದು ಹೇಳಿ ಆ ಊರುಗಳನ್ನೆಲ್ಲ ಬೇಡವೆಂದ ಮೇಲೆ ದಾಸೋಹ, ಛತ್ರ, ಆಸ್ಪತ್ರೆ ಮೂರನ್ನೂ ತಾನೇ ಹೊರದೆ ಗತಿಯಿಲ್ಲ. ಹಾಗಾದರೆ ಅಮೆರಿಕದ ಗ್ರ್ಯಾಂಡ್‌ಮಾ ಗೇಟ್‌ವುಡ್ ಎಂದು ಅವನೇ ಎದುರುತ್ತರ ಕೊಡಬಹುದು, ಏಕೆಂದರೆ ಅವಳ ಕಥೆ ಅವನಿಗೆ ಬಾಯಿಪಾಠ. 1955ರಲ್ಲಿ, 67ನೆಯ ವಯಸ್ಸಿನಲ್ಲಿ, ತಾನೇ ಹೊಲಿದ ಡೆನಿಮ್ ಚೀಲ, ಕ್ಯಾನ್ವಾಸ್ ಬೂಟು, ಮಳೆಗೆ ಸ್ನಾನದ ಮನೆಯ ಪರದೆ ಇಷ್ಟನ್ನೇ ಹಿಡಿದು ಮೂರು ಸಾವಿರ ಕಿಲೋಮೀಟರಿಗೂ ಉದ್ದದ ಅಪಲೇಚಿಯನ್ ದಾರಿಯನ್ನು ಒಂಟಿಯಾಗಿ ನಡೆದು ಮುಗಿಸಿದವಳು. ಮಕ್ಕಳಿಗೆ ಹೇಳಿದ್ದು ಸುಮ್ಮನೆ ತಿರುಗಾಡಿ ಬರುತ್ತೇನೆಂದು. ಈ ಉದಾಹರಣೆ ನನ್ನ ವಾದವನ್ನು ಮುರಿಯುವುದಿಲ್ಲ, ಎತ್ತಿ ನಿಲ್ಲಿಸುತ್ತದೆ. ಓಹಿಯೋದ ಹೊಲದ ಮನೆಯಲ್ಲಿ ಹನ್ನೊಂದು ಮಕ್ಕಳನ್ನು ಸಾಕಿ ಮುಗಿಸಿದ ಮೇಲೆ ಆಕೆ ಕಾಡಿಗೆ ಹೋದದ್ದು. ಯಾವುದು ಬೇಡ ಎನ್ನುವುದು ಅವಳಿಗೆ ದಶಕಗಳ ಸಂಸಾರ ಕಲಿಸಿತ್ತು. ಹದಿನೇಳರ ಹುಡುಗನಿಗೆ ಅದನ್ನು ಕಲಿಸಲು ಇರುವುದು ಒಂದು ಶೀಟು.

ಅಪಾಯದ ಮಾತನ್ನು ನಗೆಯಲ್ಲಿ ತೇಲಿಸುವಂತಿಲ್ಲ. 2024ರ ಜೂನ್ ಆರಂಭದಲ್ಲಿ ಉತ್ತರಾಖಂಡದ ಸಹಸ್ರತಾಲ್ ದಾರಿಯಲ್ಲಿ ಹವೆ ಕೆಟ್ಟು, ಕರ್ನಾಟಕದಿಂದ ಹೋದ ತಂಡದ 9 ಮಂದಿ ತೀರಿಕೊಂಡರು. ಅವರು ಒಂಟಿಯಾಗಿರಲಿಲ್ಲ, ಮಾರ್ಗದರ್ಶಕರೂ ಇದ್ದರು. ಇಂಥ ಸುದ್ದಿ ಓದಿದ ತಾಯಿ ರಾತ್ರಿ ನಿದ್ದೆಗೆಟ್ಟರೆ ಅವಳನ್ನು ಅಂಜುಬುರುಕಿ ಎನ್ನಲು ನನಗೆ ನಾಲಿಗೆ ಹೊರಳದು. ಮೊದಲ ಸಲವೇ 4,000 ಮೀಟರಿನ ಮೇಲೆ ಒಬ್ಬನೇ ಹೋಗಕೂಡದು ಎಂಬುದು ನನ್ನ ಅಭಿಪ್ರಾಯವೂ ಹೌದು. ತಮಾಷೆಯೆಂದರೆ, ಶೀಟನ್ನು ಪ್ರಾಮಾಣಿಕವಾಗಿ ತುಂಬಿದ ಹುಡುಗ ತಾನಾಗಿಯೇ ಈ ತೀರ್ಮಾನಕ್ಕೆ ಬರುತ್ತಾನೆ. ಕಾಲು ಉಳುಕಿದರೆ ಯಾರು ಕೆಳಗೆ ಹೋಗಿ ಹೇಳುವುದು ಎಂಬ ಖಾನೆಯಲ್ಲಿ ಬರೆಯಲು ಹೆಸರು ಸಿಗದಾಗ, ಕೊನೆಯ ಸಾಲಿನಲ್ಲಿ ಸಣ್ಣ ಅಕ್ಷರದಲ್ಲಿ "ಲೋಕಲ್ ಗೈಡ್ – 1" ಎಂದು ಬೀಳುತ್ತದೆ. ಸ್ನೇಹಿತರಿಗೆ ಇನ್ನೂ "ಸೋಲೋ" ಎಂದೇ ಹೇಳುತ್ತಾನೆ, ಹೇಳಲಿ. ಭಯಪಡಬೇಕಾದ್ದು ಇವನ ಬಗ್ಗೆ ಅಲ್ಲ. ಶನಿವಾರ ರಾತ್ರಿ ಹನ್ನೊಂದಕ್ಕೆ ನಾಲ್ವರು ಗೆಳೆಯರೊಂದಿಗೆ ಚಪ್ಪಲಿಯಲ್ಲೇ ಮಳೆಗಾಲದ ಜಲಪಾತಕ್ಕೆ ಹೊರಡುವ, ರೈಲ್ವೆ ಹಳಿಯ ಮೇಲೆ ನಡೆಯುವುದು ಕಾನೂನುಬಾಹಿರವೆಂದು ತಿಳಿದೂ ಸಕಲೇಶಪುರದ ಸುರಂಗಗಳಿಗೆ ನುಗ್ಗುವ ಹುಡುಗನ ಬಗ್ಗೆ. ಅವನು ಮನೆಯಲ್ಲಿ ಏನನ್ನೂ ಘೋಷಿಸುವುದಿಲ್ಲ, ತಕ್ಕಡಿ ಕೇಳುವುದಿಲ್ಲ. "ಫ್ರೆಂಡ್ ಮನೇಲಿ ಕಂಬೈನ್ಡ್ ಸ್ಟಡಿ" ಎಂದು ಹೇಳಿ ಹೋಗುತ್ತಾನೆ, ಮನೆಯವರು ನೆಮ್ಮದಿಯಾಗಿ ಮಲಗುತ್ತಾರೆ.

ಕೊನೆಗೆ ಎಷ್ಟೋ ಜನ ಹೋಗುವುದೇ ಇಲ್ಲ ಎಂಬ ಕೊಂಕಿಗೆ ಹೆಚ್ಚು ಉತ್ತರ ಬೇಕಿಲ್ಲ. ರೈಲಿನ ಮುಂಗಡ ಬುಕಿಂಗ್ ಈಗ 60 ದಿನ ಮೊದಲಷ್ಟೇ ತೆರೆಯುತ್ತದೆ. ವೇಟಿಂಗ್ ಲಿಸ್ಟು, ಕೌನ್ಸೆಲಿಂಗ್ ದಿನಾಂಕ, ಅತ್ತೆಯ ಮಗಳ ಮದುವೆ ಇವುಗಳಲ್ಲಿ ಒಂದಾದರೂ ಅಡ್ಡ ಬರುತ್ತದೆ. ಹೋಗದ ಹುಡುಗನಿಗೂ ಒಬ್ಬ ಮನುಷ್ಯ ಒಂದು ದಿನ ಬದುಕಲು ಎಷ್ಟು ನೀರು, ಎಷ್ಟು ಹಿಟ್ಟು, ಎಷ್ಟು ದುಡ್ಡು ಬೇಕೆಂಬುದು ತಿಳಿದಿರುತ್ತದೆ, ಮತ್ತು ಅದು ಆ ಮನೆಯಲ್ಲಿ ತಾಯಿಯನ್ನು ಬಿಟ್ಟರೆ ಅವನೊಬ್ಬನಿಗೇ ತಿಳಿದಿರುತ್ತದೆ. ಆದ್ದರಿಂದ ತಂದೆತಾಯಿಗಳಲ್ಲಿ ನನ್ನದೊಂದು ಅರಿಕೆ. ಹುಡುಗನಿಗೆ ಗೈಡ್ ಜೊತೆ ಹೋಗಲು ಒಪ್ಪಿಗೆ ಕೊಡಿ, ಚಿಕ್ಕಪ್ಪನ ಫೋನು ಎತ್ತಬೇಡಿ. ಆದರೆ ಅವನು ಹೊರಡುವ ಮುಂಚೆ ಮುಂದಿನ ತಿಂಗಳ ದಿನಸಿ ಪಟ್ಟಿಯನ್ನು ಅವನಿಂದಲೇ ಬರೆಸಿ, ಎಷ್ಟು ಉಳಿತಾಯವಾಗುತ್ತದೆ ನೋಡಿ.