ಆಫರ್ ಭಾವ

ನಾಮಕರಣದ ದಿನ ಇಟ್ಟ ಹೆಸರು ಅವನಿಗೆ ಬೇರೆಯೇ ಇದೆ. ಆ ಹೆಸರು ಈಗ ಪಡಿತರ ಚೀಟಿಯಲ್ಲಿ, ಸೊಸೈಟಿಯ ಖಾತೆಯಲ್ಲಿ ಮತ್ತು ಮದುವೆ ಕರೆಯೋಲೆಗಳ ಮೇಲೆ ಮಾತ್ರ ಚಾಲ್ತಿಯಲ್ಲಿದೆ. ಉಳಿದಂತೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲ್ಲೂಕಿನ ನೆಂಟರಿಷ್ಟರಿಗೆಲ್ಲ ಅವನು ಆಫರ್ ಭಾವ. ನಿಮ್ಮ ಕೇರಿಯಲ್ಲೂ ಒಬ್ಬ ಇದ್ದಾನೆ. ಇಲ್ಲವೇ ಇಲ್ಲ ಎನ್ನುವವರು ಒಮ್ಮೆ ಸ್ವಂತ ಮನೆಯ ಬಚ್ಚಲ ಕಪಾಟು ತೆಗೆದು ಸೋಪು ಎಣಿಸಿಕೊಂಡರೆ ಒಳ್ಳೆಯದು.

ಭಾವನ ಅಂಗಿ ಕಿಸೆಯಲ್ಲಿ ಮೊದಲು ಕವಳದ ಸಂಚಿ ಇರುತ್ತಿತ್ತು. ಈಗ ಅಲ್ಲಿ ನಾಲ್ಕು ಮಡಿಕೆ ಮಾಡಿದ ಕರಪತ್ರಗಳು, ಹಳೆಯ ಬಿಲ್ಲುಗಳು, ಕತ್ತರಿಸಿದ ಚಾಪುಡಿ ಪೊಟ್ಟಣದ ಮೂಲೆಗಳು. ಮನೆಗೆ ಬಂದವರಿಗೆ 'ಆಸ್ರಿಗೆ ಎಂತ ಬೇಕು' ಎಂದು ಕೇಳುವುದಕ್ಕೆ ಮೊದಲೇ, 'ಸಕ್ಕರೆ ಎಷ್ಟಕ್ಕೆ ತಗಂಡೆ?' ಎಂದು ಕೇಳುತ್ತಾನೆ. ನೀವು ಎಷ್ಟೇ ಹೇಳಿ, ಅವನು ಅದಕ್ಕಿಂತ ಒಂದು ರೂಪಾಯಿ ಕಡಿಮೆಗೆ ತಂದಿರುತ್ತಾನೆ. ಆ ಒಂದು ರೂಪಾಯಿಯ ಸುಖದಲ್ಲಿ ನಿಮ್ಮ ಕಷಾಯಕ್ಕೆ ಎರಡು ಚಮಚ ಸಕ್ಕರೆ ಹೆಚ್ಚೇ ಬೀಳುತ್ತದೆ. ಜಿಪುಣ ಎಂದು ಅವನನ್ನು ಯಾರೂ ಕರೆಯುವ ಹಾಗಿಲ್ಲ.

ಈ ಸೀಮೆಯಲ್ಲಿ ಇಂಥವರು ಹುಟ್ಟಿದ್ದರಲ್ಲಿ ಆಶ್ಚರ್ಯವೇನಿಲ್ಲ. ರಾಶಿ, ಚಾಲಿ, ಬೆಟ್ಟೆ, ಬಿಳೆಗೋಟು, ಕೆಂಪುಗೋಟು, ಕೋಕಾ ಎಂದು ಒಂದೇ ಅಡಕೆಗೆ ಆರು ಹೆಸರು, ಆರು ದರ, ಅದೂ ದಿನಕ್ಕೊಂದು. ಕಣ್ಣು ಬಿಟ್ಟಾಗಿನಿಂದ 'ಚಾಲಿ ಎಷ್ಟಾತಡ ಇವತ್ತು?' ಎಂಬ ಮಾತು ಕೇಳಿ ಬೆಳೆದ ಮಗು ಮುಂದೆ ಶಾಂಪೂ ದರ ಕೇಳದೆ ಇದ್ದೀತೆ? ಮೇಲಾಗಿ ಇಲ್ಲಿ ಅಡಕೆಗೂ ಕಿರಾಣಿಗೂ ಒಂದೇ ಬಾಗಿಲು. ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ, ಅಂದರೆ ನಮ್ಮ ಟಿಎಸ್ಎಸ್, ಶಿರಸಿಯಲ್ಲಿ ಶುರುವಾದದ್ದು 1923ರಲ್ಲಿ. ಅತ್ತ ಟೆಂಡರಿನಲ್ಲಿ ಅಡಕೆ ಮಾರಿದ ದುಡ್ಡು ಖಾತೆಗೆ ಜಮಾ, ಇತ್ತ ಮನೆಸಾಮಾನು ಅದೇ ಖಾತೆಗೆ ಖರ್ಚು. ಅಪ್ಪಯ್ಯನ ಕಾಲದಲ್ಲಿ ಯಾದಿ ಎಂದರೆ ಅರ್ಧ ಹಾಳೆ: ಸಕ್ಕರೆ, ಚಾಪುಡಿ, ಉಪ್ಪು, ಒಣಮೆಣಸು, ಸೀಮೆಎಣ್ಣೆ, ಬೆಂಕಿಪೆಟ್ಟಿಗೆ. ಉಳಿದದ್ದನ್ನು ತೋಟ, ಬೆಟ್ಟ, ಕೊಟ್ಟಿಗೆ ಕೊಡುತ್ತಿದ್ದವು. ಈಗ ಯಾದಿಯೇ ಇಲ್ಲ. ಸೂಪರ್ ಮಾರ್ಕೆಟ್ಟಿನ ತಳ್ಳುಗಾಡಿ ಹಿಡಿದು ಒಳಗೆ ಹೋದರೆ, ಏನು ಬೇಕು ಎಂಬುದನ್ನು ಅಂಗಡಿಯೇ ಹೇಳುತ್ತದೆ.

ಅಲ್ಲಿ ಭಾವನನ್ನು ನೋಡಬೇಕು. ಮೊದಲು ಹತ್ತು ಹೆಜ್ಜೆ ಹಿಂದೆ ನಿಂತು ಕಪಾಟನ್ನೇ ದಿಟ್ಟಿಸುತ್ತಾನೆ. ಆಮೇಲೆ ಮುಂದಿನ ಸಾಲಿನ ಪೊಟ್ಟಣಗಳನ್ನೆಲ್ಲ ಸರಿಸಿ ಹಿಂದಿನ ಸಾಲಿಗೆ ಕೈ ಹಾಕುತ್ತಾನೆ, ಹೊಸ ತಾರೀಕಿನ ಮಾಲು ಅಲ್ಲೇ ಇರುವುದು. ಪೊಟ್ಟಣವನ್ನು ತಲೆಕೆಳಗು ಮಾಡಿ, ಮೊಬೈಲ್ ಟಾರ್ಚ್ ಹಾಕಿ, ಎಂಆರ್‌ಪಿ ಪಕ್ಕದಲ್ಲಿ ಸಾಸಿವೆಯಷ್ಟು ಸಣ್ಣಕ್ಷರದಲ್ಲಿ ಗ್ರಾಮಿಗೆ ಇಷ್ಟು ಪೈಸೆ ಎಂದು ಅಚ್ಚಾಗಿರುವುದನ್ನು ಓದುತ್ತಾನೆ. ಸರಕಾರ ಆ ದರ ಹಾಕಬೇಕೆಂದು ನಿಯಮ ಮಾಡಿದ್ದು ತನ್ನೊಬ್ಬನಿಗಾಗಿಯೇ ಎಂದು ಅವನ ನಂಬಿಕೆ, ಅದು ಹೆಚ್ಚುಕಡಿಮೆ ನಿಜವೂ ಇರಬಹುದು. ದೊಡ್ಡ ಪೊಟ್ಟಣಕ್ಕಿಂತ ಎರಡು ಸಣ್ಣ ಪೊಟ್ಟಣವೇ ಅಗ್ಗ ಎಂದು ಪತ್ತೆಯಾದರೆ, ಪಕ್ಕದಲ್ಲಿ ಅಪರಿಚಿತರಿದ್ದರೂ ಸರಿ, ಕರೆದು ತೋರಿಸುತ್ತಾನೆ: 'ಹೆಂಗೆ ಮೋಸ ಮಾಡ್ತ ನೋಡು ತಮಾ!'

ಬಿಲ್ಲಿನ ಕೌಂಟರಿನಲ್ಲಿ ಇನ್ನೊಂದು ಅಂಕ. ಸಾವಿರ ರೂಪಾಯಿಗೆ ಒಂದು ಲಕ್ಕಿ ಕೂಪನ್ ಎಂದಿದ್ದರೆ ಭಾವನ ಬಿಲ್ಲು 960ಕ್ಕೆ ನಿಲ್ಲುತ್ತದೆ. ಆಗ ಹಿಂದೆ ನಿಂತ ಸಾಲನ್ನೆಲ್ಲ ಅಲ್ಲೇ ಬಿಟ್ಟು, 40 ರೂಪಾಯಿಯ ಸಾಮಾನು ಹುಡುಕಲು ಒಳಗೆ ಓಡುತ್ತಾನೆ. ತರುವುದು 85 ರೂಪಾಯಿಯದ್ದು. ಕೂಪನ್ ತುಂಬುವುದು ಮನೆಯಲ್ಲಿ, ರಾತ್ರಿ ಊಟವಾದ ಮೇಲೆ, ಜಗಲಿಯಲ್ಲಿ. ಮಕ್ಕಳು ಬೇರೆ ಬೇರೆ ಅಕ್ಷರದಲ್ಲಿ ಬರೆಯಬೇಕು. ಒಂದು ಹೆಂಡತಿಯ ಹೆಸರಿಗೆ, ಒಂದು ಆಯಿಯ ಹೆಸರಿಗೆ, ಒಂದು ಇನ್ನೂ ಹಲ್ಲು ಬಾರದ ಮೊಮ್ಮಗಳ ಹೆಸರಿಗೆ. ಕೀರ್ತಿಶೇಷ ಅಜ್ಜನ ಹೆಸರಿನಲ್ಲೂ ಒಂದು ಹಾಕುವ ಪ್ರಸ್ತಾಪ ಬಂದಿತ್ತು, ಮೊಬೈಲ್ ನಂಬರಿನ ತೊಡಕಿನಿಂದ ಬಿದ್ದುಹೋಯಿತು. ಮೇಲಿನ ಬಹುಮಾನ ಸ್ಕೂಟರು. ಭಾವನಿಗೆ ಬರುವುದು ಸಮಾಧಾನಕರ ಬಹುಮಾನ, ಪ್ಲಾಸ್ಟಿಕ್ ಬಕೆಟ್. ಬಕೆಟ್ಟಿನೊಳಗೆ ಬಕೆಟ್ ಹೊಗಿಸಿ ಇಟ್ಟ ಗೋಪುರ ಬಚ್ಚಲ ಮಾಡಿಗೆ ಮುಟ್ಟಿದೆ.

ಶಕ್ತಿ ಯೋಜನೆ ಬರುವವರೆಗೆ ಭಾವನ ಸಾಮ್ರಾಜ್ಯಕ್ಕೆ ಶಿರಸಿಯೇ ಗಡಿ. ಸಿದ್ದಾಪುರದ ಸೊಸೈಟಿಯಲ್ಲೋ ಯಲ್ಲಾಪುರದಲ್ಲೋ ಎಣ್ಣೆ ಹತ್ತು ರೂಪಾಯಿ ಕಡಿಮೆ ಎಂದು ಗೊತ್ತಾದರೂ ಬಸ್ ಚಾರ್ಜು ಲೆಕ್ಕ ಹಾಕಿ ನಿಟ್ಟುಸಿರು ಬಿಡುತ್ತಿದ್ದ. 2023ರ ಜೂನ್ 11ರಂದು ಹೆಂಗಸರಿಗೆ ಸರಕಾರಿ ಬಸ್ಸು ಪುಕ್ಕಟೆಯಾಯಿತು, ಭಾವನ ಲೆಕ್ಕದಲ್ಲಿ ಇದ್ದ ಏಕೈಕ ಅಡ್ಡಿ ಸೊನ್ನೆಯಾಯಿತು. ಅಂದಿನಿಂದ ಭಾವನ ಹೆಂಡತಿ, ಅಂದರೆ ನಮ್ಮ ಅತ್ತಿಗೆ, ಆಧಾರ್ ಕಾರ್ಡು, ಎರಡು ಚೀಲ ಹಿಡಿದು ಕಾನಸೂರಿನ ಮೇಲೆ ಸಿದ್ದಾಪುರಕ್ಕೆ, ಮಂಚಿಕೇರಿಯ ಮೇಲೆ ಯಲ್ಲಾಪುರಕ್ಕೆ ಹೋಗಿಬರುತ್ತಾಳೆ. ಭಾವ ಮನೆಯಲ್ಲೇ ಕುಳಿತು ಫೋನಿನಲ್ಲಿ ದರ ಕೇಳುತ್ತಾನೆ, ಆಜ್ಞೆ ಕೊಡುತ್ತಾನೆ. ಆದರೆ ಒಂದು ಸಂಗತಿ ಅವನ ಗಮನಕ್ಕೆ ಇನ್ನೂ ಬಂದಿಲ್ಲ. ಅತ್ತಿಗೆಯ ತವರು ಮಂಚಿಕೇರಿ ಬದಿ. ಯಲ್ಲಾಪುರದಲ್ಲಿ ಒಳ್ಳೇ ಆಫರ್ ಇದೆ ಎಂಬ ಸುದ್ದಿ ಮನೆಗೆ ತರುವವಳೂ ಅವಳೇ, ತವರಿನಲ್ಲಿ ಹಬ್ಬವೋ ಹಲಸಿನ ಹಪ್ಪಳ ಮಾಡುವ ಕಾಲವೋ ಬಂದಾಗಲೇ ಆ ಸುದ್ದಿ ಬರುತ್ತದೆ. ಎರಡು ದಿನ ಬಿಟ್ಟು ಒಂದು ಕಿಲೋ ತೊಗರಿಬೇಳೆ ಹಿಡಿದು ಬರುತ್ತಾಳೆ. 'ಸಾಲು ಭಾರಿ ಉದ್ದ ಇತ್ತು' ಎನ್ನುತ್ತಾಳೆ. ಮೂರು ತಾಲ್ಲೂಕಿನಲ್ಲಿ ಆಫರನ್ನು ಸರಿಯಾಗಿ ಬಳಸಿಕೊಂಡವರು ಯಾರಾದರೂ ಇದ್ದರೆ ಅವಳೊಬ್ಬಳೇ.

ಭಾವನ ಅಕ್ಕನ ಮಗ ಅಮೆರಿಕದಲ್ಲಿದ್ದಾನೆ. ಅಲ್ಲಿಯ ಜನ ಭಾನುವಾರದ ಪೇಪರಿನ ಕೂಪನ್ ಕತ್ತರಿಸಿಟ್ಟು ಗಾಡಿಗಟ್ಟಲೆ ಸಾಮಾನನ್ನು ಪುಡಿಗಾಸಿಗೆ ತರುತ್ತಾರೆ, ಅದನ್ನು ಟೀವಿಯಲ್ಲಿ ಧಾರಾವಾಹಿ ಮಾಡಿ ತೋರಿಸುತ್ತಿದ್ದರು, ಕೋಕಾ-ಕೋಲಾ ಕಂಪನಿ 1887ರಲ್ಲೇ ಒಂದು ಲೋಟ ಪುಕ್ಕಟೆ ಪಾನೀಯಕ್ಕೆ ಕೂಪನ್ ಹಂಚಿತ್ತು ಎಂದೆಲ್ಲ ಅವನು ಫೋನಿನಲ್ಲಿ ಹೇಳಿದ. ಭಾವನ ಗಂಟಲು ಕಟ್ಟಿತು. ತಪ್ಪು ದೇಶದಲ್ಲಿ ಹುಟ್ಟಿದೆ ಎಂದು ಅವನಿಗೆ ಅನಿಸಿದ್ದು ಅದೊಂದೇ ಸಲ. ಮರುವಾರ ಭಾನುವಾರದ ಪೇಪರನ್ನು ಎರಡು ಪ್ರತಿ ತರಿಸಿ ಕತ್ತರಿ ಹಿಡಿದು ಕುಳಿತ. ಎರಡರ ಒಳಗೂ ಸಿಕ್ಕಿದ್ದು ಮೂಲವ್ಯಾಧಿ ಚಿಕಿತ್ಸೆಯ ಕರಪತ್ರ. ಎತ್ತಿ ಇಟ್ಟುಕೊಂಡಿದ್ದಾನೆ, 'ಮೊದಲ ತಪಾಸಣೆ ಉಚಿತ' ಎಂದಿತ್ತು.

ಮಳೆಗಾಲಕ್ಕೆ ಮುಂಚೆ ಮನೆ ತುಂಬಿಸಿಕೊಳ್ಳುವುದು ನಮ್ಮಲ್ಲಿ ಹಳೆಯ ಪದ್ಧತಿ. ಹೊಳೆ ಬಂದರೆ ಪೇಟೆ ಇಲ್ಲ ಎಂಬ ಕಾಲದಲ್ಲಿ ಉಪ್ಪು, ಮೆಣಸು, ಜೋನಿಬೆಲ್ಲದ ಡಬ್ಬಿ ಎಲ್ಲ ಜೂನಿನೊಳಗೆ ಅಟ್ಟ ಏರುತ್ತಿದ್ದವು. ಭಾವ ಈ ಪರಂಪರೆಯನ್ನೇ ಮುಂದುವರಿಸಿದ್ದೇನೆ ಎನ್ನುತ್ತಾನೆ. ಹಿತ್ತಿಲಿನ ಒಂದೆಲಗದಿಂದ ಪುಕ್ಕಟೆ ತಂಬುಳಿಯಾಗುವ ಮನೆಗೆ ನೂಡಲ್ಸ್ ಬಂದದ್ದು ಡಬ್ಬಿ ಫ್ರೀ ಎಂಬ ಕಾರಣಕ್ಕೆ. ಪೇಸ್ಟಿನ ವಿಷಯ ಬಂದರೆ ಮಾತ್ರ ಅತ್ತಿಗೆ ಸುಮ್ಮನಿರುವುದಿಲ್ಲ: 'ಆಯಿ ಬಾಯಲ್ಲಿ ಹಲ್ಲು ನಾಲ್ಕು ಉಳದ್ದು, ಅಟ್ಟದ ಮೇಲೆ ಪೇಸ್ಟು ನಲವತ್ತು ಇದ್ದು!'

ಆ ಅಟ್ಟವೇ ಭಾವನ ಇಡೀ ಅರ್ಥಶಾಸ್ತ್ರ. ಒಂದು ಬದಿಗೆ ಚಾಲಿ ಚೀಲ, ಇನ್ನೊಂದು ಬದಿಗೆ ಸೋಪು, ಪೇಸ್ಟು, ಶಾಂಪೂಗಳ ಪೆಟ್ಟಿಗೆ. ದರ ಏರಲಿ ಎಂದು ಚಾಲಿಯನ್ನು ಕಾಯಿಸಿಟ್ಟಿದ್ದಾನೆ, ದರ ಇಳಿದಿದೆ ಎಂದು ಸೋಪನ್ನು ತಂದಿಟ್ಟಿದ್ದಾನೆ. ಸೋಪಿನಲ್ಲಿ ಉಳಿಸಿದ ಹನ್ನೆರಡು ರೂಪಾಯಿಯ ಲೆಕ್ಕ ಅವನಿಗೆ ಬಾಯಿಪಾಠ. ಚಾಲಿಯನ್ನು ಇನ್ನೂ ಏರುತ್ತದೆ ಎಂದು ಹಿಡಿದಿಟ್ಟು ಕ್ವಿಂಟಲಿಗೆ ಕಳೆದುಕೊಂಡದ್ದೆಷ್ಟು ಎಂದು ಕೇಳಿ ನೋಡಿ, ಕವಳ ಉಗಿಯಲು ಎದ್ದು ಹೋಗುತ್ತಾನೆ. ಹೋದ ಸಲ ಚಾಲಿ ಮಾದರಿ ನೋಡಿದ ವ್ಯಾಪಾರಿ ಒಂದು ಹಿಡಿ ಎತ್ತಿ ಮೂಸಿದ. ಮತ್ತೆ ಮೂಸಿದ. 'ಹೆಗಡೇರೆ, ಅಡಕೆ ತೊಳೆದು ತಂದ್ರಾ?' ಎಂದ. ಗಂಧದ ಸೋಪಿನ ಪರಿಮಳ ಹಿಡಿದ ಚಾಲಿಗೆ ದರಪಟ್ಟಿಯಲ್ಲಿ ಕಾಲಂ ಇಲ್ಲ.

ಇದರ ಮೇಲೆ 2025ರ ಸೆಪ್ಟೆಂಬರ್ ಬಂತು. ಚೌತಿ ಆಫರಿನಲ್ಲಿ ಭಾವ ವರ್ಷಕ್ಕಾಗುವಷ್ಟು ತಂದು ಪೇರಿಸಿ, ಕೈ ತೊಳೆದು ಕೂತಿದ್ದ. 3ನೇ ತಾರೀಕು ಜಿಎಸ್‌ಟಿ ಮಂಡಳಿ ಸಭೆ ಸೇರಿತು. ಸೋಪು, ಶಾಂಪೂ, ಪೇಸ್ಟು, ತಲೆಗೆಣ್ಣೆ ಎಲ್ಲದರ ತೆರಿಗೆ ಶೇ 18ರಿಂದ 5ಕ್ಕೆ, 22ರಿಂದ ಜಾರಿ. ಅಂದರೆ ನವರಾತ್ರಿಯ ಮೊದಲ ದಿನ. ಬಿಸ್ಕತ್ತೂ ಹಾಗೇ. ಊರಿಗೆ ಊರೇ ಖುಷಿಪಟ್ಟ ರಾತ್ರಿ ಭಾವ ಟೀವಿ ಆರಿಸಿ, ಬ್ಯಾಟರಿ ಹಿಡಿದು ಅಟ್ಟ ಹತ್ತಿದ. ಬಟ್ಟೆ ತೊಳೆಯುವ ಪುಡಿಗೆ 18 ಹಾಗೇ ಉಳಿದಿದೆ ಎಂದು ಮರುದಿನ ಯಾರೋ ಹೇಳಿದ ಮೇಲೆ ಒಂದು ತುತ್ತು ಹೆಚ್ಚು ಉಂಡನಂತೆ.

ದಾಸ್ತಾನು ಖಾಲಿ ಮಾಡುವ ದಾರಿ ಕೊನೆಗೂ ಸಿಕ್ಕಿತು. ಮಗನ ಉಪನಯನಕ್ಕೆ ಬಂದವರಿಗೆಲ್ಲ ತಾಂಬೂಲದ ಚೀಲದಲ್ಲಿ ತೆಂಗಿನಕಾಯಿಯ ಜೊತೆ ಒಂದು ಸೋಪು, ಒಂದು ಪೇಸ್ಟು. 'ಹೊಸ ಕ್ರಮ, ಅಡ್ಡಿಲ್ಲೆ' ಎಂದು ಹಿರಿಯರು ಮೆಚ್ಚಿದರು. ಊಟ ಮುಗಿಸಿ ಚಪ್ಪರದ ಅಂಚಿನಲ್ಲಿ ಕವಳ ಹಾಕುತ್ತಿದ್ದವರಲ್ಲಿ ಸಿದ್ದಾಪುರ ಕಡೆಯ ಒಬ್ಬ ನೆಂಟ ಸೋಪನ್ನು ಮೆಲ್ಲಗೆ ಹೊರತೆಗೆದ. ತಲೆಕೆಳಗು ಮಾಡಿದ. ಮೊಬೈಲ್ ಟಾರ್ಚ್ ಹಾಕಿದ. ಪಕ್ಕದವನ ಪಕ್ಕೆ ತಿವಿದು ಹೇಳಿದ:

'ಹಳೇ ಎಂಆರ್‌ಪಿ, ಮಾರಾಯ!'