ಬೆಸೆಯದೆ ಕವಚ ಕಟ್ಟುವ ಸುಲಭ ವಿಧಾನ

ಬಾರ್ಕೂರಿನ ಕೋಟೆ ನೋಡಿ ಬಂದವರಿಗೆ ಒಮ್ಮೆಯಾದರೂ ವಿಜಯನಗರದ ದಳವಾಯಿಯಾಗುವ ಆಸೆ ಹುಟ್ಟುತ್ತದೆ. ಮೆರವಣಿಗೆಯೋ, ನಾಟಕವೋ, ಗೋಡೆಗೆ ತೂಗುಹಾಕುವ ಷೋಕಿಯೋ, ಕಾರಣ ಯಾವುದೇ ಇರಲಿ. ಬ್ರಹ್ಮಾವರದಲ್ಲಿ ಕೊಂಡಿ ಕವಚಕ್ಕೆ ಗಿರಾಕಿ ಸಿಕ್ಕರೆ ಬಿಡಬೇಡಿ. ಈ ಕ್ರಮ ಪಾಲಿಸಿ.

ಮೊದಲು ತಂತಿ. ಹಿಂದಿನ ಕಮ್ಮಾರರು ಕಬ್ಬಿಣವನ್ನು ಬಡಿದು ಸಪೂರ ಮಾಡಿ, ತೂತಿನ ಫಲಕದಲ್ಲಿ ದೊಡ್ಡ ತೂತಿನಿಂದ ಸಣ್ಣದಕ್ಕೆ ಎಳೆಯುತ್ತ ಹೋಗುತ್ತಿದ್ದರು. ನೀವು ಹೆದ್ದಾರಿ ಬದಿಯ ಹಾರ್ಡ್‌ವೇರ್ ಅಂಗಡಿಯಿಂದ ಸರಳು ಕಟ್ಟುವ ಬೈಂಡಿಂಗ್ ವಯರ್ ತನ್ನಿ. ಬೆರಳಲ್ಲೇ ಬಗ್ಗುತ್ತದೆ. ಬೆರಳಿಗೆ ಬಗ್ಗಿದ್ದು ಈಟಿಗೂ ಬಗ್ಗುತ್ತದೆಂದು ಗಿರಾಕಿಗೆ ಹೇಳುವ ಅಗತ್ಯವಿಲ್ಲ.

ತಂತಿಯನ್ನು ಸರಳಿಗೆ ಒತ್ತಾಗಿ ಸುತ್ತಿ, ಉದ್ದಕ್ಕೆ ಕತ್ತರಿಸಿ. ಉಂಗುರಗಳ ರಾಶಿ ಬೀಳುತ್ತದೆ. ಹಳಬರು ಇಲ್ಲೊಂದು ತಾಪತ್ರಯ ಮಾಡಿಕೊಳ್ಳುತ್ತಿದ್ದರು. ತುದಿಯ ಮೇಲೆ ತುದಿ ಹತ್ತಿಸಿ, ಕೆಂಪಗೆ ಕಾಯಿಸಿ, ನಿಧಾನಕ್ಕೆ ಆರಿಸಿ, ಆ ಜಾಗವನ್ನು ಚಪ್ಪಟೆ ಬಡಿಯುತ್ತಿದ್ದರು. ನೀವು ತುದಿಗೆ ತುದಿ ತಾಗಿಸಿ ಬಿಟ್ಟುಬಿಡಿ.

ಮುಂದೆ ರಿವೆಟ್. ಇದನ್ನು ಚೆನ್ನಾಗಿ ಕಲಿಯಿರಿ. ಕೆಲಸ ಗೊತ್ತಿಲ್ಲದವನಿಗೆ ಕಳ್ಳಕೆಲಸವೂ ಬರುವುದಿಲ್ಲ. ಯುರೋಪಿನ ಬೆಣೆ ರಿವೆಟ್ಟನ್ನೇ ನೋಡಿ. ಚಪ್ಪಟೆಯಾದ ಎರಡು ಪದರಕ್ಕೆ ಚೂಪು ಮೊಳೆಯಿಂದ ಸೀಳು ಹೊಡೆಯುತ್ತಿದ್ದರು. ಬೈರಿಗೆ ಹಾಕಿದರೆ ಲೋಹ ಪುಡಿಯಾಗಿ ಉದುರುತ್ತದೆ. ಮೊಳೆ ಹೊಡೆದರೆ ಬದಿಗೆ ಸರಿದು ಅಲ್ಲೇ ಉಳಿಯುತ್ತದೆ. ಎಳ್ಳುಕಾಳಿನಷ್ಟು ಬೆಣೆಯನ್ನು ಹಿಂದಿನಿಂದ ತೂರಿಸಿ, ಕುಳಿಯಿದ್ದ ಇಕ್ಕಳದಲ್ಲಿ ಅದುಮಿದರೆ ಮುಂದೆ ಪುಟ್ಟ ಗುಬುಟು ಏಳುತ್ತಿತ್ತು. ಹಿಂಬದಿ ನುಣುಪು. ಗಮನಿಸಿ, ಗುಬುಟು ಒಂದೇ ಕಡೆ. ಆದ್ದರಿಂದ ಪ್ರತಿ ಉಂಗುರದ ಮುಂದೆ ಎಂ-ಸೀಲಿನ ಒಂದು ಚುಕ್ಕಿ ಇಟ್ಟು ಕಪ್ಪು ಬಣ್ಣ ತಾಗಿಸಿ. ಹಿಂದೆ ಏನೂ ಇಲ್ಲವಲ್ಲ ಎಂದು ಯಾರಾದರೂ ಕೇಳಿದರೆ ಹೆದರಬೇಡಿ, ಚರಿತ್ರೆ ನಿಮ್ಮ ಪರವಾಗಿದೆ.

ಈಗ ಹೆಣೆಯಿರಿ. ಒಂದೊಂದು ಉಂಗುರ ಅಕ್ಕಪಕ್ಕದ ನಾಲ್ಕನ್ನು ಹಿಡಿಯಬೇಕೆಂಬುದು ಶಾಸ್ತ್ರ. ಒಂದು ಅಂಗಿಗೆ 20,000ಕ್ಕೂ ಮೇಲೆ ಉಂಗುರ, 10 ಕಿಲೋ ಆಸುಪಾಸು ತೂಕ. ಕೆಲಸ ಉಳಿಸಲು ಹಳಬರೂ ಒಂದು ಸಾಲು ರಿವೆಟ್ಟಿನದು, ಒಂದು ಸಾಲು ಜೋಡಣೆಯೇ ಇಲ್ಲದ ಇಡೀ ಉಂಗುರದ್ದು ಎಂದು ಹೆಣೆದದ್ದುಂಟು. ಅವರು ಅರ್ಧ ಉಳಿಸಿದರು, ನೀವು ಪೂರ್ತಿ ಉಳಿಸಿ. ನಾಲ್ಕರ ಬದಲು ಎರಡು ಹಿಡಿಸಿ. ಮೇ ತಿಂಗಳ ಸೆಖೆಗೆ ಗಾಳಿಯಾಡುತ್ತದೆ ಎಂದು ಅದನ್ನೇ ದೊಡ್ಡ ಗುಣವಾಗಿ ಹೇಳಿ.

"ಹ್ವಾಯ್, ಇದ್ ಗಟ್ಟಿ ಇತ್ತಾ?" ಎಂದು ಗಿರಾಕಿ ಕೇಳಿದರೆ ಕತ್ತಿಯನ್ನು ಅಡ್ಡಕ್ಕೆ ಎಳೆದು ತೋರಿಸಿ, ಅಲಗು ಜಾರುತ್ತದೆ. ಚುಚ್ಚಲು ಮಾತ್ರ ಬಿಡಬೇಡಿ. ಮೊನೆ ಉಂಗುರದೊಳಗೆ ಹೊಕ್ಕು ಅದನ್ನು ಅಗಲಿಸಲು ಹೊರಟಾಗಲೇ ರಿವೆಟ್ಟಿನ ಕೆಲಸ ಶುರು. ಅಂಗಳದಲ್ಲಿ ತೆಂಗಿನಕಾಯಿ ಸುಲಿಯುವ ಕೋಲಿದ್ದರೆ ಮೊದಲೇ ಒಳಗಿಡಿ.

ತುಕ್ಕಿಗೆ ಅಂಜಬೇಡಿ. ಹಳಬರು ಕವಚವನ್ನು ಮರಳಿನ ಪೀಪಾಯಿಯಲ್ಲಿ ಉರುಳಿಸಿ ತಿಕ್ಕುತ್ತಿದ್ದರು. ನೀವು ಜೂನಿನಲ್ಲಿ ಕೊಟ್ಟಿಗೆಯ ಮಾಡಿಗೆ ತೂಗುಹಾಕಿ ಚೌತಿಗೆ ಇಳಿಸಿ. ಉಪ್ಪುಗಾಳಿ ಮುನ್ನೂರು ವರ್ಷದ ಕೆಲಸವನ್ನು ಒಂದು ಮಳೆಗಾಲದಲ್ಲಿ ಮುಗಿಸಿರುತ್ತದೆ. ಪುರಾತನ ವಸ್ತುವಿನ ದರ ಹೇಳಿ.

ಊರು ಸುತ್ತಿದ ಗಿರಾಕಿಯನ್ನು ಮಾತ್ರ ದೂರವಿಡಿ. 1689ರಲ್ಲಿ ಬಳ್ಳಾರಿ ಆಚೆಯ ಆದೋನಿಯಿಂದ ಬಿಕಾನೇರದ ಅನೂಪ್ ಸಿಂಗ್ ಒಯ್ದ ದಖ್ಖನಿ ಕವಚಗಳು ಇಂದಿಗೂ ವಸ್ತುಸಂಗ್ರಹಾಲಯಗಳಲ್ಲಿವೆ. ನಿಜವಾದದ್ದನ್ನು ಕಂಡವರ ಮುಂದೆ ಎಂ-ಸೀಲ್ ನಡೆಯದು. ಅಂಥವರ ಕೈಗೆ ಸಿಕ್ಕಿಬಿದ್ದರೆ, 19ನೇ ಶತಮಾನದ ಹೊತ್ತಿಗೆ ನಮ್ಮಲ್ಲೂ ರಿವೆಟ್ಟಿಲ್ಲದ ಷೋಕಿ ಕವಚಗಳಿದ್ದವೆಂದು ಹೇಳಿ. ಅದು ಸತ್ಯ. ಅವನ್ನು ತೊಟ್ಟು ಯುದ್ಧಕ್ಕೆ ಹೋಗುತ್ತಿರಲಿಲ್ಲ ಎಂಬುದನ್ನು ಹೇಳಬೇಡಿ.

ಕಡೆಯದಾಗಿ, ಹಣವನ್ನು ಮೊದಲೇ ಪೂರ್ತಿ ಎಣಿಸಿಕೊಳ್ಳಿ. ಇಂಥ ಕವಚ ತೊಟ್ಟವನಿಂದ ಬಾಕಿ ವಸೂಲಾಗುವುದಿಲ್ಲ.