ಹಾಫ್ ಇಂಜಿನ್ ರಾಯರು

ಬೆಂಗಳೂರಿನ ಯಾವ ಬಡಾವಣೆಗೆ ಬೇಕಾದರೂ ಹೋಗಿ ನೋಡಿ. ಮೂರನೇ ಕ್ರಾಸಿನಲ್ಲೋ ನಾಲ್ಕನೇ ಕ್ರಾಸಿನಲ್ಲೋ ಒಂದು ಹಳೇ ಕಾರು ಕವರು ಹೊದ್ದು ನಿಂತಿರುತ್ತದೆ. ಅದರ ಪಕ್ಕದಲ್ಲಿ ಬರ್ಮುಡಾ ತೊಟ್ಟ ಒಬ್ಬ ಮಹನೀಯರು ಕಾಫಿ ಲೋಟ ಹಿಡಿದು ನಿಂತಿರುತ್ತಾರೆ. ಕಾರು ಅಲ್ಲಾಡುವುದಿಲ್ಲ. ಅವರ ಬಾಯಿ ಮಾತ್ರ ಆರು ಸಾವಿರ ಆರ್‌ಪಿಎಂನಲ್ಲಿ ಓಡುತ್ತಿರುತ್ತದೆ. ನಮ್ಮ ಬೀದಿಯಲ್ಲಿ ಇಂಥವರಿಗೆ ಹಾಫ್ ಇಂಜಿನ್ ರಾಯರು ಅಂತ ಹೆಸರು. ಎದುರಿಗೆ ಸಿಕ್ಕಾಗ ಬರೀ ರಾಯರು.

ರಾಯರಿಗೆ ಸಂಬಳ ಕೊಡುವುದು ಬ್ಯಾಂಕು, ಜೀವ ಇರುವುದು ಬಾನೆಟ್ಟಿನ ಕೆಳಗೆ. ಕಾರು 2000ರ ದಶಕದ ಶುರುವಿನ ಹೋಂಡಾ ಸಿಟಿ ವಿಟೆಕ್. 1493 ಸಿಸಿ, 106 ಅಶ್ವಶಕ್ತಿ. ಆ ಕಾಲಕ್ಕೆ ನಮ್ಮ ರಸ್ತೆಗಳಲ್ಲಿ ಇಷ್ಟು ಚುರುಕಾದ ಪೆಟ್ರೋಲ್ ಕಾರುಗಳು ಬೆರಳೆಣಿಕೆಯಷ್ಟು. ಚೆನ್ನಾಗಿ ಇಟ್ಟುಕೊಂಡ ಒಂದು ವಿಟೆಕ್ ಭಾನುವಾರ ಬೆಳಿಗ್ಗೆ ನಂದಿಬೆಟ್ಟದ ಕಡೆ ಹೊರಟರೆ ಹುಡುಗರು ಇವತ್ತಿಗೂ ಕತ್ತು ತಿರುಗಿಸುತ್ತಾರೆ. ರಾಯರೂ ತಪ್ಪದೆ ನಂದಿಬೆಟ್ಟಕ್ಕೆ ಹೋಗುತ್ತಾರೆ, ಯಾರದಾದರೂ ಸ್ವಿಫ್ಟಿನ ಹಿಂದಿನ ಸೀಟಿನಲ್ಲಿ.

ಇಪ್ಪತ್ತು ವರ್ಷ ದುಡಿದ ಇಂಜಿನ್ನು ಆಯಿಲ್ ಕುಡಿಯುವುದು ಲೋಕರೂಢಿ. ರಾಯರದೂ ಕುಡಿಯಿತು, ಆಕ್ಸಿಲರೇಟರ್ ಒತ್ತಿದಾಗಲೆಲ್ಲ ನೀಲಿ ಹೊಗೆ ಬಿಟ್ಟಿತು. ಅವತ್ತು ಹುಟ್ಟಿಕೊಂಡ ಪ್ರಶ್ನೆ ಇದು: ಹಾಫ್ ಇಂಜಿನ್ ಹಾಕಿಸುವುದೋ, ಫುಲ್ ಇಂಜಿನ್ ಹಾಕಿಸುವುದೋ?

ಗೊತ್ತಿಲ್ಲದವರಿಗೆ ಒಂದು ಮಾತು. ಹಾಫ್ ಇಂಜಿನ್ ಅಂದರೆ ಕೆಳಗಿನ ಅರ್ಧ. ಬ್ಲಾಕು, ಅದರೊಳಗೆ ಕ್ರ್ಯಾಂಕು, ಕನೆಕ್ಟಿಂಗ್ ರಾಡು, ಪಿಸ್ಟನ್, ರಿಂಗು, ಬೇರಿಂಗು. ಹೆಡ್ಡು, ವಾಲ್ವು, ಕ್ಯಾಮ್‌ಶಾಫ್ಟ್ ಎಲ್ಲ ನಿಮ್ಮ ಹಳೆಯದೇ. ಅದರ ಮೇಲೆ ಹೆಡ್ಡೂ ಸೇರಿ ಬಂದರೆ ಲಾಂಗ್ ಬ್ಲಾಕ್. ಮ್ಯಾನಿಫೋಲ್ಡು, ಇಂಜೆಕ್ಟರು, ಆಲ್ಟರ್ನೇಟರು, ವೈರಿಂಗು ಸಮೇತ ಬಂದರೆ ಫುಲ್ ಇಂಜಿನ್. ಜೆ.ಸಿ. ರಸ್ತೆಯ ಅಂಗಡಿಯವರು ಇದನ್ನು ಒಂದೇ ಉಸಿರಿಗೆ ಹೇಳಿ ಮುಗಿಸುತ್ತಾರೆ. ರಾಯರಿಗೆ ಎರಡು ಸಂಜೆ ಬೇಕು.

ಯಾಕೆಂದರೆ ರಾಯರಿಗೆ ಇದು ಬಿಡಿಭಾಗದ ಮಾತಲ್ಲ, ಸಿದ್ಧಾಂತದ ಮಾತು. ಹೆಡ್ಡು ಬೇರೆ, ಬ್ಲಾಕು ಬೇರೆ, ಒಂದು ಕೆಟ್ಟರೆ ಅದನ್ನಷ್ಟೇ ಬದಲಿಸು ಅನ್ನುವವರು ದ್ವೈತಿಗಳು. ಎರಡೂ ಕೂಡಿಯೇ ಸವೆದದ್ದು, ಕೂಡಿಯೇ ಹೋಗಲಿ ಅನ್ನುವವರು ಅದ್ವೈತಿಗಳು. ರಾಯರು ಸೋಮವಾರ ದ್ವೈತಿ. "ವಿಟೆಕ್ಕಿನ ಪ್ರಾಣ ಇರೋದೇ ಹೆಡ್ಡಿನಲ್ಲಿ ಕಣ್ರೀ! ಆರ್‌ಪಿಎಂ ಏರಿದಾಗ ಆಯಿಲ್ ಪ್ರೆಷರಿಗೆ ಪಿನ್ನು ಸರಿದು ದೊಡ್ಡ ಕ್ಯಾಮಿಗೆ ಹೊಂದಿಕೊಳ್ಳುತ್ತಲ್ಲ, ಅದೆಲ್ಲ ನಡೆಯೋದು ಮೇಲೆ. ಆ ಹೆಡ್ಡನ್ನ ಯಾಕೆ ಬಿಸಾಕಬೇಕು?" ಗುರುವಾರಕ್ಕೆ ಅದ್ವೈತಿ. "ಕೆಳಗೆ ಹೊಸದು ಕೂರಿಸಿದರೆ ಮೇಲಿನ ಹಳೇ ವಾಲ್ವಿನ ಬಣ್ಣ ಬಯಲಾಗುತ್ತೆ. ಮಾಡಿದರೆ ಪೂರ್ತಿ ಮಾಡಿಸಬೇಕು!"

ಫುಲ್ ಇಂಜಿನ್ ಅಂದಕೂಡಲೇ ರಾಯರ ಮನಸ್ಸು ಕಡಲು ದಾಟುತ್ತದೆ. ಅಮೆರಿಕದಲ್ಲಿ ಷೆವ್ರೊಲೆ ಕಂಪನಿಯೇ 6.2 ಲೀಟರಿನ ಎಲ್‌ಎಸ್3 ಇಂಜಿನ್ನನ್ನು, 430 ಅಶ್ವಶಕ್ತಿ ಸಮೇತ, ಪೆಟ್ಟಿಗೆಯಲ್ಲಿಟ್ಟು ಮಾರಿದೆಯಂತೆ. ಅಲ್ಲಿಂದ ಜಪಾನಿಗೆ ಹಾರಿ ಇಂಟೆಗ್ರಾ ಟೈಪ್ ಆರ್ ಕಾರಿನ ಕೆ20ಎ ಹತ್ತಿರ ಇಳಿಯುತ್ತಾರೆ. ಎರಡು ಲೀಟರು, 220 ಅಶ್ವಶಕ್ತಿ. "ನಮ್ಮ ಕಾರಿನ ಎರಡರಷ್ಟು!" ಅನ್ನುವಾಗ ರಾಯರ ಕಣ್ಣಿನಲ್ಲಿ ಹೆಡ್‌ಲೈಟು ಹತ್ತುತ್ತದೆ. ಆದರೆ ವಿಟೆಕ್ಕಿನ ಇಂಜಿನ್ನು ತಿರುಗುವ ದಿಕ್ಕೇ ಬೇರೆ, ಕೆ20 ತಿರುಗುವ ದಿಕ್ಕೇ ಬೇರೆ. ಹಾಗಾಗಿ ಗೇರ್‌ಬಾಕ್ಸು, ಮೌಂಟಿಂಗು, ಡ್ರೈವ್ ಶಾಫ್ಟು, ವೈರಿಂಗು ಎಲ್ಲ ಬದಲಾಗಬೇಕು. ಫುಲ್ ಇಂಜಿನ್ ಅನ್ನುವುದು ಎಂದೂ ಫುಲ್ ಆಗುವುದಿಲ್ಲ ಎಂಬ ಸತ್ಯ ರಾಯರಿಗೆ ಹೊಳೆಯುವುದು ಇಲ್ಲಿ. ಹೊಳೆದಾಗ ಮತ್ತೆ ಹಾಫಿಗೆ ಬರುತ್ತಾರೆ. ಹಾಫಿಗೆ ಬಂದರೆ ಅಲ್ಲಿ "ಹೇಗೂ ಬಿಚ್ಚಿರ್ತೀವಲ್ಲ" ಅನ್ನುವ ಭೂತ ಕಾದಿರುತ್ತದೆ. ಹೇಗೂ ಬಿಚ್ಚಿರ್ತೀವಲ್ಲ, ಟೈಮಿಂಗ್ ಬೆಲ್ಟು ಹಾಕಿಸಿಬಿಡೋಣ. ಬೆಲ್ಟು ತೆಗೆದ ಮೇಲೆ ವಾಟರ್ ಪಂಪು ಬಿಡೋಕಾಗುತ್ತಾ? ಕ್ಲಚ್ಚು? ಹೋಸು? ಕೂಡಿಸಿ ನೋಡಿದರೆ ಹಾಫಿನ ಲೆಕ್ಕ ಫುಲ್ಲನ್ನು ಓವರ್‌ಟೇಕ್ ಮಾಡಿರುತ್ತದೆ. ರಾಯರು ಕ್ಯಾಲ್ಕುಲೇಟರ್ ಮುಚ್ಚಿ, ಕಾರಿಗೆ ಕವರು ಹೊದಿಸಿ ಒಳಗೆ ಹೋಗುತ್ತಾರೆ.

"ರೀ, ಎರಡರಲ್ಲಿ ಒಂದು ಮಾಡಿಸಿ, ಇಲ್ಲಾ ಗುಜರಿಗೆ ಹಾಕಿ. ತುಳಸಿಕಟ್ಟೆಗೆ ಬಿಸಿಲು ಬಿದ್ದು ಯಾವ ಕಾಲ ಆಯ್ತು?" ಅಂತ ಅಡುಗೆಮನೆಯಿಂದ ಕೇಳಿಬರುತ್ತದೆ.

"ಅದೇ ಕಣೇ, ಯಾವುದು ಅಂತ ನೋಡ್ತಾ ಇದೀನಿ."

ಕೊನೆಗೆ ಆ ಮನೆಯಾಕೆಯೇ ಮೆಕ್ಯಾನಿಕ್ಕಿಗೆ ಫೋನು ಮಾಡಿ ಕರೆಸಿದರು. ಮೇಸ್ತ್ರಿ ಬಂದ, ಲುಂಗಿ ಎತ್ತಿಕಟ್ಟಿದ. ರಾಯರು ಪೀಠಿಕೆ ಹಾಕುವಷ್ಟರಲ್ಲಿ ನಾಲ್ಕೂ ಸ್ಪಾರ್ಕ್ ಪ್ಲಗ್ಗು ಬಿಚ್ಚಿ ಬಾನೆಟ್ಟಿನ ಅಂಚಿನಲ್ಲಿ ಸಾಲಾಗಿ ಇಟ್ಟ. ಒಂದೊಂದೇ ತೂತಿಗೆ ಕಂಪ್ರೆಷನ್ ಗೇಜು ತಿರುಗಿಸಿ, ರಾಯರಿಂದ ಆಕ್ಸಿಲರೇಟರ್ ಪೂರ್ತಿ ಒತ್ತಿಸಿ ಸೆಲ್ಫ್ ಹೊಡೆಸಿದ. ಮೂರನೆಯದರಲ್ಲಿ ಸೂಜಿ ಅರ್ಧಕ್ಕೇ ನಿಂತಿತು. ಮೇಸ್ತ್ರಿ ಅದೇ ತೂತಿಗೆ ಒಂದು ಚಮಚದಷ್ಟು ಇಂಜಿನ್ ಆಯಿಲ್ ಬಿಟ್ಟು ಮತ್ತೆ ಸೆಲ್ಫ್ ಹೊಡೆಸಿದ. ಸೂಜಿ ಸರಸರ ಮೇಲೇರಿತು.

"ನೋಡಿ ಸಾರ್, ಆಯಿಲ್ ಬಿಟ್ಟಮೇಲೆ ಏರ್ತು. ಅಂದ್ರೆ ರಿಂಗು ಹೋಗೈತೆ. ವಾಲ್ವು ಹೋಗಿದ್ರೆ ಆಯಿಲ್ ಬಿಟ್ರೂ ಏರ್ತಿರಲಿಲ್ಲ. ಹೆಡ್ಡು ಗಟ್ಟಿಮುಟ್ಟಾಗೈತೆ. ಹಾಫ್ ಸಾಕು. ಅದೂ ಯಾಕೆ, ನಿಮ್ಮ ಬ್ಲಾಕನ್ನೇ ಲೇತಿಗೆ ಕೊಟ್ಟು ಬೋರ್ ಮಾಡಿಸಿ, ಒಂದು ಸೈಜು ದೊಡ್ಡ ಪಿಸ್ಟನ್ ಹಾಕ್ಬಿಡೋಣ."

ಇಷ್ಟು ವರ್ಷ ಬೀದಿಯನ್ನೇ ಎರಡು ಪಂಗಡ ಮಾಡಿದ್ದ ಪ್ರಶ್ನೆಗೆ ಒಂದು ಚಮಚ ಆಯಿಲ್ಲಿನಲ್ಲಿ ಉತ್ತರ ಸಿಕ್ಕಿತ್ತು. ರಾಯರು ಹಿಗ್ಗಬೇಕಿತ್ತು. ಅವರ ಮುಖ ನೋಡಿದರೆ ಆಸ್ತಿ ಹರಾಜಿಗೆ ಬಂದವರ ಹಾಗಿತ್ತು. ಸ್ವಲ್ಪ ಹೊತ್ತು ಗೇಜನ್ನು ತಿರುಗಿಸಿ ಮುರುಗಿಸಿ ನೋಡಿ, "ಈ ಗೇಜು ಸರಿಯಾಗಿದೆಯಾ?" ಅಂದರು. ಮೇಸ್ತ್ರಿ ಗಾಡಿ ಹತ್ತಿದ.

ಆಮೇಲೆ ರಾಯರಿಗೆ ಆಸರೆಯಾದದ್ದು ಕಾನೂನು. ಇಂಜಿನ್ ಬದಲಿಸಿದರೆ ಆರ್‌ಟಿಓ ಗಮನಕ್ಕೆ ತಂದು ಆರ್‌ಸಿಯಲ್ಲಿ ನಮೂದಿಸಬೇಕು ಅನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು. ಕಂಪನಿಯ ಮೂಲ ವಿವರಗಳಿಗೆ ಹೊಂದದ ಹಾಗೆ ವಾಹನ ಮಾರ್ಪಡಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಹೇಳಿತು. ಕೆ20ರ ಕನಸು ಅಲ್ಲಿಗೆ ಮುಗಿಯಿತು. ಹಾಫಿಗೆ ಈ ತಾಪತ್ರಯ ಇಲ್ಲ ಅಂದುಕೊಂಡಿರಾ? ಇಂಜಿನ್ ನಂಬರು ಕೊರೆದಿರುವುದು ಬ್ಲಾಕಿನ ಮೇಲೆ. ಬೇರೆ ಬ್ಲಾಕು ಬಂತೆಂದರೆ ಆರ್‌ಸಿಯ ನಂಬರಿಗೂ ಕಾರಿನ ನಂಬರಿಗೂ ತಾಳೆಯಾಗುವುದಿಲ್ಲ. ಆರ್‌ಟಿಓ ದ್ವೈತಿಯೂ ಅಲ್ಲ, ಅದ್ವೈತಿಯೂ ಅಲ್ಲ, ಚಾರ್ವಾಕ. ಕಣ್ಣಿಗೆ ಕಂಡ ನಂಬರು ಮಾತ್ರ ಸತ್ಯ. ಹೆಡ್ಡು ಹೊಸದೋ ಹಳೆಯದೋ ಅವರಿಗೆ ಬೇಡ. ಈ ಜ್ಞಾನೋದಯವಾದ ದಿನ ರಾಯರು ಬೀದಿಗೆಲ್ಲ ಕೇಳುವ ಹಾಗೆ ಸಾರಿದರು: "ನಾನು ಮೊದಲೇ ಹೇಳಿರಲಿಲ್ವಾ, ಆತುರ ಪಡಬಾರದು ಅಂತ!"

ಇರುವ ಬ್ಲಾಕನ್ನೇ ಬೋರ್ ಮಾಡಿಸಿದರೆ ನಂಬರೂ ಉಳಿಯುತ್ತದೆ, ದುಡ್ಡೂ ಉಳಿಯುತ್ತದೆ ಅಂತ ಪಕ್ಕದ ಮನೆ ಹುಡುಗ ಮೆಲ್ಲಗೆ ನೆನಪಿಸಿದ. ರಾಯರು ಅವನನ್ನು ಕನಿಕರದಿಂದ ನೋಡಿದರು. "ಬೋರ್ ಮಾಡಿಸಬಹುದಪ್ಪಾ. ಆದರೆ 0.25 ಸೈಜೋ, 0.50 ಸೈಜೋ?"

ನಿಮ್ಮ ಕಾರೂ ನೀಲಿ ಹೊಗೆ ಬಿಡುತ್ತಿದ್ದರೆ ಮೊದಲು ಕಂಪ್ರೆಷನ್ ನೋಡಿಸಿ. ಕೆಳಗಿನದು ಮಾತ್ರ ಹೋಗಿದ್ದರೆ ಕೆಳಗಿನದನ್ನು ಮಾಡಿಸಿ, ಎರಡೂ ಹೋಗಿದ್ದರೆ ಪೂರ್ತಿ ಹಾಕಿಸಿ, ನಂಬರು ಬದಲಾದರೆ ಆರ್‌ಟಿಓಗೆ ಹೋಗಿ ಬನ್ನಿ. ತೀರ್ಮಾನಕ್ಕೆ ಒಂದು ಬೆಳಗು ಸಾಕು. ಅಷ್ಟು ಬೇಗ ತೀರ್ಮಾನವಾಗುವುದು ಬೇಡ ಅನ್ನುವವರು ನಮ್ಮ ಬೀದಿಗೆ ಬನ್ನಿ. ರಾಯರು ಸಂಜೆ ಆರರ ಮೇಲೆ ಮನೆಯಲ್ಲೇ ಇರುತ್ತಾರೆ, ಕಾಫಿಯೂ ಚೆನ್ನಾಗಿರುತ್ತದೆ.